ಹಿತ್ತಲ ಕಳೆಗೂ ಒಂದು ಇತಿಹಾಸ

ಇತಿಹಾಸ ಎಂದ ಕೂಡಲೇ ನಮ್ಮ ಆದೋನಿಯ ಮಕ್ಕಳು ರಣಮಂಡಲ ಬೆಟ್ಟದ ಕಡೆ ಕೈ ತೋರಿಸುತ್ತಾರೆ. ಕೋಟೆ, ಜಾಮಿಯಾ ಮಸೀದಿ, ವಿಜಯನಗರದ ಅರಸರು, ಬಿಜಾಪುರದ ಸುಲ್ತಾನರು, ಸಿದ್ದಿ ಮಸೂದ್ ಖಾನ್... ತಪ್ಪೇನಿಲ್ಲ, ಪಾಠದಲ್ಲಿ ಇರುವುದೂ ಅದೇ. ಆದರೆ ಮೊದಲ ಮಳೆ ಬಿದ್ದು ಒಂದು ವಾರಕ್ಕೆ ಮನೆ ಹಿಂದಿನ ಬಚ್ಚಲ ಬದಿಯಲ್ಲಿ, ತಿಪ್ಪೆಯ ಅಂಚಿನಲ್ಲಿ, ಶಾಲೆಯ ಕಾಂಪೌಂಡ್ ಗೋಡೆಯ ಬುಡದಲ್ಲಿ ತಾವಾಗಿ ಏಳುವ ಗಿಡಗಳಿವೆಯಲ್ಲ, ಅವೂ ಎಲ್ಲಿಂದಲೋ ಯಾವಾಗಲೋ ಬಂದವುಗಳೇ. ಕೆಲವು ನಮ್ಮ ಮುತ್ತಜ್ಜನ ಮುತ್ತಜ್ಜನಿಗೂ ಮೊದಲಿನಿಂದ ಇಲ್ಲಿವೆ. ಕೆಲವನ್ನು ಹಡಗು ತಂದಿತು, ಕೆಲವನ್ನು ಸರ್ಕಾರ ತಂದಿತು. ಒಂದಂತೂ ನಮ್ಮ ಹಿರಿಯರು ಕಣ್ಣಾರೆ ನೋಡುತ್ತಿದ್ದಂತೆಯೇ ಬಂದು ಊರೆಲ್ಲ ತುಂಬಿಕೊಂಡಿತು.

ಪ್ರತಿ ವರ್ಷ ಆಷಾಢ ಶ್ರಾವಣದ ಹೊತ್ತಿಗೆ ಏಳನೇ ತರಗತಿಯ ಮಕ್ಕಳಿಗೆ ನಾವು ಒಂದು ಕೆಲಸ ಹೇಳುತ್ತೇವೆ. ಮನೆಯ ಸುತ್ತ ಯಾರೂ ನೆಡದೆ ಬೆಳೆದ ಹತ್ತು ಗಿಡ ಕಿತ್ತು ತನ್ನಿ, ಹೆಸರು ಹೇಳಿ. ಗಿಡ ಹತ್ತೂ ಬರುತ್ತವೆ. ಹೆಸರು ಮೂರು ನಾಲ್ಕು ಬಂದರೆ ಹೆಚ್ಚು! ಉಳಿದದ್ದೆಲ್ಲ "ಪಿಚ್ಚಿ ಮೊಕ್ಕಲು ಸಾರ್" ಎಂದು ತೆಲುಗಿನಲ್ಲಿ ಉತ್ತರ ಬರುತ್ತದೆ. ಹುಚ್ಚು ಗಿಡಗಳು ಎಂದರ್ಥ. ಅದೇ ಗಿಡವನ್ನು ಆ ಮಗುವಿನ ಅಜ್ಜಿಗೆ ತೋರಿಸಿದರೆ ಎರಡು ಭಾಷೆಯಲ್ಲಿ ಹೆಸರು ಹೇಳಿ, ಯಾವ ನೋವಿಗೆ ಅರೆದು ಹಚ್ಚಬೇಕು, ಯಾವುದನ್ನು ಬೇಳೆಗೆ ಹಾಕಬೇಕು, ಯಾವುದನ್ನು ಮುಟ್ಟಬಾರದು ಎಂದೂ ಸೇರಿಸುತ್ತಾರೆ. ನಡುವಿನ ಒಂದೇ ತಲೆಮಾರಿನಲ್ಲಿ ಇಷ್ಟು ಕಳೆದುಹೋಗಿದೆ. ಈ ಹೆಸರುಗಳನ್ನು ಕಳೆದುಕೊಂಡರೆ ಪದಗಳು ಮಾತ್ರ ಹೋಗುವುದಿಲ್ಲ, ಗಿಡ ಯಾವಾಗ ಬಂತು ಎನ್ನುವ ಸಾಕ್ಷಿಯೂ ಹೋಗುತ್ತದೆ. ಹೇಗೆ ಎಂಬುದನ್ನು ಮುಂದೆ ನೋಡೋಣ.

ಗಿಡ ನೆಡುವ ಮಾತು ನಮ್ಮ ಸೀಮೆಯಲ್ಲಿ ಬಹಳ ಹಳೆಯದು. ಪತ್ತಿಕೊಂಡದಿಂದ ಗುತ್ತಿಗೆ ಹೋಗುವ ದಾರಿಯಲ್ಲಿ, ಜೊನ್ನಗಿರಿಯ ಹತ್ತಿರ, ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಕ್ರಿಸ್ತಪೂರ್ವ 3ನೇ ಶತಮಾನದ ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. 14 ಪ್ರಧಾನ ಶಿಲಾಶಾಸನಗಳೂ ಅಲ್ಲಿವೆ. ಅದರ ಎರಡನೆಯ ಶಾಸನದಲ್ಲಿ ರಾಜ ಹೇಳುವುದು ಇಷ್ಟು: ಮನುಷ್ಯರಿಗೆ ಮತ್ತು ಪಶುಗಳಿಗೆ ಉಪಯೋಗವಾಗುವ ಔಷಧಿ ಗಿಡಗಳು ಎಲ್ಲೆಲ್ಲಿ ಇಲ್ಲವೋ ಅಲ್ಲಲ್ಲಿಗೆ ತರಿಸಿ ನೆಡಿಸಲಾಗಿದೆ; ಗೆಡ್ಡೆ ಗೆಣಸು, ಹಣ್ಣಿನ ಗಿಡಗಳನ್ನೂ ಹಾಗೆಯೇ. ಅಂದರೆ ಒಂದು ಊರಿನ ಗಿಡವನ್ನು ಇನ್ನೊಂದು ಊರಿಗೆ ತರುವುದು ಸರ್ಕಾರದ ಕೆಲಸ ಎಂದು ನಮ್ಮ ಜಿಲ್ಲೆಯ ಕಲ್ಲಿನ ಮೇಲೆಯೇ ಬರೆದಿದೆ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ ಇನ್ನೊಂದು ಸರ್ಕಾರ ನಮ್ಮ ಪಕ್ಕದ ಜಿಲ್ಲೆಗೆ ಒಂದು ಗಿಡ ತಂದು ನೆಟ್ಟಾಗ ಏನಾಯಿತು ಎಂಬುದು ಮುಂದೆ ಬರುತ್ತದೆ.

ಮೊದಲು ಹಳೆಯ ಒಕ್ಕಲುಗಳನ್ನು ನೋಡೋಣ.

ಗರಿಕೆ ಎಲ್ಲರಿಗೂ ಗೊತ್ತು. ತೆಲುಗಿನಲ್ಲೂ ಗರಿಕ. ಗಣಪನಿಗೆ ಎಷ್ಟು ಪ್ರಿಯವೋ ಎರೆಹೊಲದ ರೈತನಿಗೆ ಅಷ್ಟೇ ಶತ್ರು. ಎರೆಮಣ್ಣಿನಲ್ಲಿ ಅದರ ಬೇರು ಆಳಕ್ಕೆ ಇಳಿದುಬಿಟ್ಟರೆ ಕುಂಟೆಗೆ ಬಗ್ಗುವುದಿಲ್ಲ, ಗುದ್ದಲಿ ಹಿಡಿದು ಅಗೆಯಬೇಕು. ಗರಿಕೆಯ ಜೊತೆಗೇ ಬರುವ ಜೇಕನ್ನು ಮಕ್ಕಳು ಹುಲ್ಲು ಎಂದೇ ತಿಳಿಯುತ್ತಾರೆ. ದಂಟನ್ನು ಎರಡು ಬೆರಳ ನಡುವೆ ಉರುಳಿಸಿ ನೋಡಿ: ಗರಿಕೆಯದು ದುಂಡಗೆ ತಿರುಗುತ್ತದೆ, ಜೇಕಿನದು ಮೂರು ಮೂಲೆ ಇರುವುದರಿಂದ ತಡೆಯುತ್ತದೆ. ಬುಡದಲ್ಲಿ ಕಪ್ಪನೆಯ ಸುವಾಸನೆಯ ಗಡ್ಡೆ ಇರುತ್ತದೆ. ಗಡ್ಡೆ ಬಿಟ್ಟು ಮೇಲಿನದನ್ನು ಮಾತ್ರ ಕಿತ್ತವನು ಮುಂದಿನ ವಾರ ಮತ್ತೆ ಕೀಳಬೇಕು.

ಉತ್ತರಾಣಿ ಗೊತ್ತಿಲ್ಲ ಎನ್ನುವ ಮಗುವಿನ ಚಡ್ಡಿ, ಲಂಗದ ಅಂಚು ನೋಡಿದರೆ ಸಾಕು! ಉದ್ದನೆಯ ಕಡ್ಡಿಯ ಮೇಲೆ ಕೆಳಮುಖವಾಗಿ ಬಾಗಿದ ಚೂಪು ಕಾಯಿಗಳು ಬಟ್ಟೆಗೆ ಅಂಟಿಕೊಂಡು ಊರೂರು ತಿರುಗುತ್ತವೆ. ತೆಲುಗಿನವರಿಗೆ ಉತ್ತರೇಣಿ, ಸಂಸ್ಕೃತದಲ್ಲಿ ಅಪಾಮಾರ್ಗ. ವಿನಾಯಕ ಚೌತಿಯ 21 ಪತ್ರೆಗಳಲ್ಲಿ ಇದೂ ಒಂದು, ಎಕ್ಕದೆಲೆಯೂ ಒಂದು, ಉಮ್ಮತ್ತಿಯೂ ಒಂದು. ನಮ್ಮ ಭಾಗದಲ್ಲಿ ಮಕ್ಕಳಿಗೆ ಕಾಡುಗಿಡ ಗುರುತಿಸಲು ಕಲಿಸುತ್ತಿದ್ದ ದೊಡ್ಡ ಪಾಠಶಾಲೆ ಎಂದರೆ ಈ ಚೌತಿಯ ಹಿಂದಿನ ದಿನವೇ. ಈಗ 21 ಪತ್ರೆಯ ಕಟ್ಟನ್ನು ಪೇಟೆಯಲ್ಲಿ ಹಣ ಕೊಟ್ಟು ತರುತ್ತೇವೆ, ಒಳಗೆ ಏನಿದೆ ಎಂದು ಬಿಚ್ಚಿ ನೋಡುವವರು ಕಡಿಮೆ.

ತುಂಬೆ: ಚೌಕಾಕಾರದ ದಂಟು, ಗುಂಡಾದ ಗಂಟಿನಲ್ಲಿ ಬಿಳಿ ತುಟಿಯ ಹೂವು, ಬೆಳಿಗ್ಗೆ ಜೇನುನೊಣ. ತೆಲುಗಿನಲ್ಲಿ ತುಮ್ಮಿ. ನೆಲನೆಲ್ಲಿಗೆ ಅವರು ನೇಲ ಉಸಿರಿ ಎನ್ನುತ್ತಾರೆ. ಎಲೆಯ ಕೆಳಗೆ ಸಾಲಾಗಿ ಸಾಸಿವೆಯಷ್ಟು ಚಿಕ್ಕ ನೆಲ್ಲಿಕಾಯಿ ಪೋಣಿಸಿದಂತೆ ಇರುವುದರಿಂದ ಎರಡು ಭಾಷೆಯವರಿಗೂ ಒಂದೇ ಯೋಚನೆ ಬಂದಿದೆ. ಕುಪ್ಪಿಗಿಡಕ್ಕೆ ತೆಲುಗಿನಲ್ಲಿ ಕುಪ್ಪಿಂಟಾಕು, ತಮಿಳಿನಲ್ಲಿ ಕುಪ್ಪೈಮೇನಿ. ಕುಪ್ಪೆ ಎಂದರೆ ರಾಶಿ, ತಿಪ್ಪೆ. ಗಿಡ ಎಲ್ಲಿ ಹುಡುಕಬೇಕು ಎಂಬುದನ್ನು ಹೆಸರೇ ಹೇಳಿಬಿಟ್ಟಿತು! ಬೆಕ್ಕು ಇದರ ಬೇರಿಗೆ ಮರುಳಾಗುತ್ತದೆ. ಕಿತ್ತು ಅಂಗಳದಲ್ಲಿ ಇಟ್ಟು ನೋಡಿ, ಮಕ್ಕಳು ಈ ಗಿಡವನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿರಬಹುದು. ಗರಿಕೆ–ಗರಿಕ, ಉತ್ತರಾಣಿ–ಉತ್ತರೇಣಿ, ತುಂಬೆ–ತುಮ್ಮಿ, ಕುಪ್ಪಿ–ಕುಪ್ಪಿಂಟ. ಕನ್ನಡ ತೆಲುಗು ಎರಡರಲ್ಲೂ ಹೆಸರಿನ ಬೇರು ಒಂದೇ. ಬೇರೆ ಯಾವ ಗಿಡವನ್ನೂ ಆಶ್ರಯಿಸದೆ ತನ್ನದೇ ಹೆಸರು ಇಟ್ಟುಕೊಂಡಿರುವ ಗಿಡ ಬಹುಪಾಲು ಹಳೆಯದು. ಹೊಸದಾಗಿ ಬಂದ ಗಿಡಕ್ಕೆ ಜನ ಹೊಸ ಪದ ಹುಟ್ಟಿಸುವುದು ಕಡಿಮೆ. ಹಳೆಯ ಗಿಡದ ಹೆಸರಿಗೆ ಒಂದು ವಿಶೇಷಣ ತಗುಲಿಸುತ್ತಾರೆ: ಸೀಮೆಯದು, ಸರ್ಕಾರದ್ದು, ಇಂಥ ಊರಿನದು, ಇಂಥ ಬಣ್ಣದ್ದು ಎಂದು. ಶಾಸನ ಓದುವವರು ಲಿಪಿ ನೋಡಿ ಕಾಲ ಹೇಳುವಂತೆ ನಾವು ಗಿಡದ ಹೆಸರು ನೋಡಿ ಅಂದಾಜು ಕಟ್ಟಬಹುದು. ಇದು ಕಟ್ಟುನಿಟ್ಟಿನ ನಿಯಮವಲ್ಲ. ನೆಗ್ಗಿಲು ಮುಳ್ಳಿಗೆ ತೆಲುಗಿನಲ್ಲಿ ಪಲ್ಲೇರು, ಎಕ್ಕಕ್ಕೆ ಜಿಲ್ಲೇಡು. ಪದಗಳು ಬೇರೆಯಾದರೂ ಎರಡೂ ಹಳೆಯ ಗಿಡಗಳೇ.

ಈ ಅಂದಾಜಿಗೆ ಒಳ್ಳೆಯ ಉದಾಹರಣೆ ಪಾಪಾಸುಕಳ್ಳಿ. ಕಳ್ಳಿ ಎಂಬುದು ನಮ್ಮ ಹಳೆಯ ಗಿಡ, ಮುರಿದರೆ ಹಾಲು ಬರುವಂಥದ್ದು. ಪಾಪಾಸು ಎಂದರೆ ಚಪ್ಪಲಿ, ಫಾರಸಿಯಿಂದ ಬಂದ ಪದ. ಚಪ್ಪಲಿಯಂತೆ ಅಗಲವಾದ ತುಂಡುಗಳ ಕಳ್ಳಿ. ತೆಲುಗಿನವರು ತಮ್ಮ ಜೆಮುಡಿಗೆ ಹಾವಿನ ಹೆಡೆ ಸೇರಿಸಿ ನಾಗಜೆಮುಡು ಎಂದರು. ಎರಡೂ ಕಡೆ ವಿಶೇಷಣ ತಗುಲಿದ ಹೆಸರು. ಗಿಡವೂ ಹೊರಗಿನದೇ, ಅಮೆರಿಕಾ ಖಂಡದ್ದು. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ ಮೇಲೆ, 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಗೆ ಬಂದ ಮೇಲೆ ಆ ಖಂಡದ ಗಿಡಗಳು ಹಡಗು ಹತ್ತಿದವು. ಮೆಣಸಿನಕಾಯಿ, ಟೊಮ್ಯಾಟೊ, ಶೇಂಗಾ ಹಾಗೆಯೇ ಬಂದವು. ಅವನ್ನು ನಾವು ಕಳೆ ಎನ್ನುವುದಿಲ್ಲ, ಊಟಕ್ಕೆ ಬೇಕಲ್ಲ!

ಪಾಪಾಸುಕಳ್ಳಿಯ ಕಥೆಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಬರುತ್ತದೆ. ಮೆಕ್ಸಿಕೋದಲ್ಲಿ ಈ ಕಳ್ಳಿಯ ಮೇಲೆ ಬದುಕುವ ಒಂದು ಹುಳದಿಂದ ಕಡುಗೆಂಪು ಬಣ್ಣ ತೆಗೆಯುತ್ತಿದ್ದರು. ಆ ವ್ಯಾಪಾರ ಸ್ಪೇನಿನವರ ಕೈಯಲ್ಲಿತ್ತು. ಅದನ್ನು ಇಲ್ಲೇ ಬೆಳೆಸಿದರೆ ಲಾಭ ಎಂದು 1780ರ ದಶಕದಲ್ಲಿ ಮದರಾಸಿನಲ್ಲಿದ್ದ ಕಂಪನಿಯ ವೈದ್ಯ ಜೇಮ್ಸ್ ಆಂಡರ್ಸನ್ ಪಟ್ಟು ಹಿಡಿದ, ಕಳ್ಳಿಯ ತೋಟವನ್ನೇ ಮಾಡಿಸಿದ. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತ ಬ್ರೆಜಿಲ್ ಕಡೆಯಿಂದ ಹುಳಗಳನ್ನು ಕಲ್ಕತ್ತೆಗೆ ತಂದ. ತಂದದ್ದು ಕೀಳು ಜಾತಿಯ ಹುಳ. ಬಣ್ಣ ಚೆನ್ನಾಗಿ ಬರಲಿಲ್ಲ, ಒಂದು ಜಾತಿಯ ಕಳ್ಳಿಯನ್ನು ಮಾತ್ರ ತಿಂದು ಮುಗಿಸಿತು. ಅದು ಮುಟ್ಟದ ಇನ್ನೊಂದು ಜಾತಿ ದಕ್ಷಿಣದ ಬಯಲುಸೀಮೆಯೆಲ್ಲ ಬೇಲಿಯಾಗಿ, ಪೊದೆಯಾಗಿ ಹಬ್ಬಿತು. ಕೊನೆಗೆ 1926ರಲ್ಲಿ ಸಿಲೋನಿನಿಂದ ಬೇರೊಂದು ಹುಳ ತಂದು ಬಿಟ್ಟ ಮೇಲೆ ಕೆಲವೇ ವರ್ಷಗಳಲ್ಲಿ ಆ ಪೊದೆಗಳು ಬೆಳ್ಳಗೆ ಬೂಸ್ಟು ಹಿಡಿದಂತಾಗಿ ಕುಸಿದವು. ಇಂದು ಮಕ್ಕಳಿಗೆ ತೋರಿಸಲು ಒಂದು ಪಾಪಾಸುಕಳ್ಳಿ ಬೇಕೆಂದರೆ ಊರ ಹೊರಗೆ ಹುಡುಕಿಕೊಂಡು ಹೋಗಬೇಕು. ಒಂದು ಕಾಲಕ್ಕೆ ಸೀಮೆಗೇ ದೊಡ್ಡ ಕಳೆಯಾಗಿದ್ದದ್ದು ಹೀಗೆ ಅಪರೂಪವಾಗಿದೆ.

ಹೆಸರನ್ನು ಪೂರ್ತಿ ನಂಬಿದರೆ ಮೋಸ ಹೋಗುವ ಗಿಡವೂ ಒಂದಿದೆ. ಬೇಸಿಗೆಯಲ್ಲಿ ಬಯಲಿನಲ್ಲಿ, ಕಾಲುವೆ ದಂಡೆಯಲ್ಲಿ ಹಳದಿ ಹೂ ಬಿಡುವ, ಬಿಳಿ ಗೆರೆಗಳ ಮುಳ್ಳೆಲೆಯ ಗಿಡ. ದಂಟು ಮುರಿದರೆ ಅರಿಶಿನದ ಬಣ್ಣದ ಹಾಲು. ಕನ್ನಡದಲ್ಲಿ ಅರಿಶಿನ ಉಮ್ಮತ್ತಿ, ದತ್ತೂರಿ ಎನ್ನುತ್ತಾರೆ, ತೆಲುಗಿನಲ್ಲಿ ಬ್ರಹ್ಮದಂಡಿ. ಹೆಸರು ಕೇಳಿದರೆ ಪುರಾಣ ಕಾಲದ ಗಿಡ ಎನ್ನಬೇಕು. ಆದರೆ ಇದರ ತವರು ಮೆಕ್ಸಿಕೋ, ಶಾಸ್ತ್ರೀಯ ಹೆಸರೇ ಆರ್ಜಿಮೋನ್ ಮೆಕ್ಸಿಕಾನಾ. ಈ ಗಿಡವನ್ನು ಗುರುತಿಸಲು ಪ್ರತಿ ಮಗುವೂ ಕಲಿಯಲೇಬೇಕು. ಇದರ ಬೀಜ ಸಾಸಿವೆಯಂತೆಯೇ ಕಪ್ಪಗೆ ದುಂಡಗಿರುತ್ತದೆ. ಸಾಸಿವೆಯ ಜೊತೆ ಸೇರಿ ಎಣ್ಣೆಯಾದರೆ ಕಾಲು ಬಾತು, ಉಸಿರು ಕಟ್ಟಿ, ಹೃದಯಕ್ಕೆ ಪೆಟ್ಟಾಗುತ್ತದೆ. 1877ರಲ್ಲಿ ಕಲ್ಕತ್ತೆಯಲ್ಲಿ ಈ ರೋಗ ಮೊದಲು ದಾಖಲಾಯಿತು. 1998ರಲ್ಲಿ ದೆಹಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆಯಿಂದ 60ಕ್ಕೂ ಹೆಚ್ಚು ಜನ ಸತ್ತರು. ನಮ್ಮಲ್ಲಿ ಅಡುಗೆಗೆ ಶೇಂಗಾ ಎಣ್ಣೆ, ಸಾಸಿವೆ ಒಗ್ಗರಣೆಗಷ್ಟೇ. ಆದರೂ ಹೊಲದಿಂದ ನೇರ ತಂದ ಸಾಸಿವೆಯನ್ನು ಕೇರಿ ನೋಡುವ ಅಭ್ಯಾಸ ಬಿಡಬಾರದು. ಸಾಸಿವೆ ನುಣುಪಾಗಿರುತ್ತದೆ. ಇದರ ಬೀಜದ ಮೇಲೆ ಸಣ್ಣ ಬಲೆಯಂಥ ಗೆರೆಗಳಿದ್ದು ಒಂದು ಕಡೆ ಚೂಪು ತುದಿ ಇರುತ್ತದೆ.

ಗುರುತಿಸುವ ವಿದ್ಯೆಯ ಮೇಲೆ ಜೀವವೇ ನಿಂತಿದ್ದ ಕಾಲ ನಮ್ಮ ಸೀಮೆಗೆ ಒಮ್ಮೆ ಬಂದಿತ್ತು. 1876ರಿಂದ 1878ರವರೆಗಿನ ಧಾತು–ಈಶ್ವರ ಸಂವತ್ಸರಗಳ ಬರ. ಆಗ ಆದೋನಿ, ಆಲೂರು ಬಳ್ಳಾರಿ ಜಿಲ್ಲೆಯಲ್ಲಿದ್ದವು. 1800ರಲ್ಲಿ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ಸೀಮೆ ಇದು. ಅನಂತಪುರ ಕೂಡ 1882ರವರೆಗೆ ಬಳ್ಳಾರಿಯದೇ ಭಾಗ. ಎರಡು ವರ್ಷ ಮಳೆ ಕೈಕೊಟ್ಟಿತು. ದಕ್ಷಿಣ ಭಾರತದಲ್ಲಿ ಸತ್ತವರು 50 ಲಕ್ಷಕ್ಕೂ ಹೆಚ್ಚು ಎಂದು ಅಂದಾಜು. ಮದರಾಸು ಆಧಿಪತ್ಯದಲ್ಲಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕೆಲಸದ ಕೂಲಿಯನ್ನು ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಸ್ವಲ್ಪ ಕಾಸಿಗೆ ಇಳಿಸಿದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಕ್ಕೂ ಕಡಿಮೆ. ದಿನವಿಡೀ ಕಲ್ಲು ಒಡೆಯುವವನು ಇಷ್ಟರಲ್ಲಿ ಬದುಕಲಾರ ಎಂದು ಮದರಾಸಿನ ಆರೋಗ್ಯ ಕಮಿಷನರ್ ಡಾ. ಕಾರ್ನಿಷ್ ಜಗಳಕ್ಕೆ ನಿಂತ ಮೇಲೆ ಕೂಲಿ ಏರಿತು. ಅಲ್ಲಿಯವರೆಗೆ ಜನರ ಪಾಡು ಏನಾಗಿತ್ತೋ! ಇಂಥ ಹೊತ್ತಿನಲ್ಲಿ ಹಳ್ಳಿಯವರ ಕೈಗೆ ಉಳಿಯುವುದು ಬೇಲಿ ಬದಿಯ ಸೊಪ್ಪು ಒಂದೇ. ಬರದಲ್ಲಿ ಯಾವುದನ್ನು ತಿನ್ನಬಹುದು ಎಂಬ ಪಟ್ಟಿ ಪುಸ್ತಕದಲ್ಲಿ ಇರುವುದಿಲ್ಲ, ಹೆಂಗಸರ ಬಾಯಲ್ಲಿ ಇರುತ್ತದೆ.

ಆ ಪಟ್ಟಿಯ ಗಿಡಗಳು ಈಗಲೂ ನಮ್ಮ ಹಿತ್ತಲಲ್ಲಿವೆ. ಗೋಳಿಸೊಪ್ಪು, ತೆಲುಗಿನ ಪಾಯಲಾಕು: ನೆಲಕ್ಕೆ ಅಂಟಿ ಹರಡುತ್ತದೆ, ಎಲೆ ದಂಟು ಎರಡೂ ರಸಭರಿತ, ಸ್ವಲ್ಪ ಹುಳಿ. ಬೇಳೆಗೆ ಹಾಕಿದರೆ ರೊಟ್ಟಿಗೆ ಬಹಳ ರುಚಿ. ಇದರ ಪಕ್ಕದಲ್ಲೇ ಇದರಂತೆಯೇ ಕೆಂಪು ದಂಟಿನಿಂದ ನೆಲಕ್ಕೆ ಹರಡುವ ಇನ್ನೊಂದು ಪುಟ್ಟ ಗಿಡ ಇರುತ್ತದೆ. ಅದು ಅಚ್ಚೆಗಿಡದ ಜಾತಿಯದು. ದಂಟು ಮುರಿಯಿರಿ: ಹಾಲು ಬಂದರೆ ತಿನ್ನುವಂತಿಲ್ಲ, ಗೋಳಿಗೆ ಹಾಲು ಇರುವುದಿಲ್ಲ. ಮಕ್ಕಳಿಗೆ ಮೊದಲು ಕಲಿಸಬೇಕಾದ ಪರೀಕ್ಷೆ ಇದು.

ಕೊಮ್ಮೆಯಲ್ಲೂ ಹೀಗೆ ಗೊಂದಲ. ಪುನರ್ನವ ಎಂದು ಔಷಧಿಯವರು ಹುಡುಕುವ ಕೊಮ್ಮೆಯಲ್ಲಿ ತೆಳುವಾದ ಕವಲು ಕಡ್ಡಿಯ ತುದಿಯಲ್ಲಿ ಗುಲಾಬಿ ಬಣ್ಣದ ಚುಕ್ಕೆಯಂಥ ಹೂಗಳು ಎಲೆಯಿಂದ ದೂರ ಎದ್ದು ನಿಲ್ಲುತ್ತವೆ, ಕಾಯಿ ಬೆರಳಿಗೆ ಅಂಟುತ್ತದೆ. ತೆಲುಗಿನವರು ಗಲಿಜೇರು ಎನ್ನುವ ಗಿಡದ ಎಲೆ ದಪ್ಪ, ದುಂಡು. ಹೂ ಎಲೆಯ ಬುಡದಲ್ಲೇ ಅಡಗಿ ಕೂತಿರುತ್ತದೆ. ಗಲಿಜೇರಿನ ಎಳೆ ಕುಡಿಯನ್ನು ಬೇಯಿಸಿ ತಿನ್ನುವವರಿದ್ದಾರೆ, ಬಲಿತ ಎಲೆ ತಿಂದರೆ ಭೇದಿಯಾಗುತ್ತದೆ. ಬೆಳ್ಳಿ ಗುಲಾಬಿ ಮಿಶ್ರ ತೆನೆಯ ಅಣ್ಣೆಸೊಪ್ಪು ಜೋಳದ ಹೊಲದಲ್ಲಿ ಕಳೆ, ಸಾರಿನಲ್ಲಿ ಸೊಪ್ಪು. ತೆಲಂಗಾಣದಲ್ಲಿ ಅದೇ ಗುನುಗು ಹೂವಾಗಿ ಬತುಕಮ್ಮನ ಮೇಲೆ ಏರುತ್ತದೆ. ಕಳೆ ಎಂಬುದು ಗಿಡದ ಜಾತಿಯಲ್ಲ, ನಮ್ಮ ಆ ಹೊತ್ತಿನ ಅಭಿಪ್ರಾಯ ಅಷ್ಟೆ.

ಅದೇ ಬರದ ವರ್ಷಗಳಲ್ಲಿಯೇ, ಇಂದು ನಮ್ಮ ಕಣ್ಣಿಗೆ ಅತಿ ಹೆಚ್ಚು ಬೀಳುವ ಮುಳ್ಳುಗಿಡ ಈ ಸೀಮೆಗೆ ಕಾಲಿಟ್ಟಿತು. ಮದರಾಸಿನಿಂದ ಬಂದ ರೈಲು ಹಾದಿ ಗುಂತಕಲ್, ಆದೋನಿ ದಾಟಿ 1871ರಲ್ಲಿ ರಾಯಚೂರು ಮುಟ್ಟಿತ್ತು. ಇಂಜಿನ್‌ಗೂ ಪಟ್ಟಣಗಳಿಗೂ ಸೌದೆ ಬೇಕು, ಇದ್ದಬದ್ದ ಕಾಡು ಕರಗುತ್ತಿತ್ತು. ಒಣನೆಲದಲ್ಲಿ ಬೇಗ ಬೆಳೆಯುವ ಉರುವಲು ಮರ ಬೇಕೆಂದು ಮದರಾಸು ಅರಣ್ಯ ಇಲಾಖೆಯ ಬೆಡ್ಡೋಮ್ ಬೀಜ ತರಿಸಲು ಕೇಳಿದ. ಜಮೈಕಾದಿಂದ ಬಂದ ಬೀಜವನ್ನು 1877ರ ಸುಮಾರಿಗೆ ಕಡಪ ಜಿಲ್ಲೆಯ ಕಮಲಾಪುರಂ ಕಡೆ ನೆಟ್ಟರು. ಶಾಸ್ತ್ರೀಯವಾಗಿ ಪ್ರೊಸೋಪಿಸ್ ಜೂಲಿಫ್ಲೋರಾ. ಎರ್ರಗುಡಿಯ ಶಾಸನಕ್ಕೂ ಕಮಲಾಪುರಂ ನೆಡುತೋಪಿಗೂ ಉದ್ದೇಶ ಒಂದೇ ಎನ್ನಬಹುದು, ಇಲ್ಲದ ಕಡೆ ಉಪಯೋಗದ ಗಿಡ ನೆಡುವುದು. ಫಲ ಮಾತ್ರ ಯಾರೂ ಎಣಿಸದಷ್ಟು! ಆಡು ಕುರಿ ಅದರ ಸಿಹಿ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಉದುರಿಸುತ್ತಾ ಹೋದವು. ಕೆರೆಯಂಗಳ, ಹಳ್ಳದ ದಂಡೆ, ಬೀಳು ಹೊಲ ಎಲ್ಲವೂ ತುಂಬಿದವು.

ಹೆಸರಿನ ವಿಚಾರಕ್ಕೆ ಬರೋಣ. ನಮ್ಮ ಹಳೆಯ ಮರ ಕರಿಜಾಲಿ, ತೆಲುಗಿನ ನಲ್ಲತುಮ್ಮ. ಅದರ ಹೂ ಹಳದಿ ಗುಂಡು, ಕಾಯಿ ಬೀಜಬೀಜದ ನಡುವೆ ಕಿವುಚಿ ಮಣಿಸರದಂತೆ ಇರುತ್ತದೆ. ಹೊಸದರ ಹೂ ಬೆರಳುದ್ದದ ತೆನೆ, ಕಾಯಿ ಹುಲ್ಲಿನ ಬಣ್ಣದ ಉದ್ದ ಪಟ್ಟಿ. ಹೊಸ ಜಾಲಿಗೆ ಏನೆನ್ನುವುದು? ಸರ್ಕಾರ ನೆಟ್ಟದ್ದನ್ನು ಕಂಡ ತೆಲುಗರು ಸರ್ಕಾರು ತುಮ್ಮ ಎಂದರು. ತಮಿಳರು ಸೀಮೆಯ ಕರುವೇಲ ಎಂದರು. ಕನ್ನಡಿಗರಿಗೆ ಅದು ಬಳ್ಳಾರಿ ಕಡೆಯಿಂದ ಬಂದಂತೆ ಕಂಡಿತು. ಬಳ್ಳಾರಿ ಜಾಲಿ ಎಂದರು. ಹೀಗೆ ಜಮೈಕಾದ ಮರವೊಂದು ಮೈಸೂರು, ಮಂಡ್ಯದವರ ಬಾಯಲ್ಲಿ ನಮ್ಮ ಹಳೆಯ ಜಿಲ್ಲೆಯ ಹೆಸರು ಹೊತ್ತು ನಿಂತಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯನ್ನು ಹಂಚಿದರು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಬಂದವು, ಬಳ್ಳಾರಿ ಮತ್ತು ಉಳಿದ ತಾಲ್ಲೂಕುಗಳು ಮೈಸೂರಿಗೆ ಹೋದವು. ಆದೋನಿ, ಆಲೂರು ಕರ್ನೂಲಿಗೆ ಸೇರಿದವು. ಅಂದಿನಿಂದ ನಮ್ಮ ಮಕ್ಕಳ ವಿಳಾಸದಲ್ಲಿ ಬಳ್ಳಾರಿ ಇಲ್ಲ. ಇಲ್ಲಿಯ ಕನ್ನಡ ಮನೆಗಳಲ್ಲಿ ಜಾಲಿ ಎಂದರೂ ಬೀದಿಗೆ ಬಂದರೆ ಸರ್ಕಾರು ತುಮ್ಮ ಎನ್ನಬೇಕು. ಒಂದೇ ಮರದ ಎರಡು ಹೆಸರಿನಲ್ಲಿ ಒಂದು ಅದನ್ನು ಯಾರು ನೆಟ್ಟರು ಎಂದು ನೆನಪಿಟ್ಟಿದೆ, ಇನ್ನೊಂದು ಅದು ಯಾವ ದಿಕ್ಕಿನಿಂದ ಬಂತು ಎಂದು ನೆನಪಿಟ್ಟಿದೆ. ನಮ್ಮ ಶಾಲೆಯ ಮಗುವಿಗೆ ಎರಡೂ ಸಿಗುತ್ತವೆ ಎಂಬುದೇ ಗಡಿಯಲ್ಲಿ ಓದುವುದರ ಲಾಭ ಎಂದು ನಾವು ತಿಳಿದಿದ್ದೇವೆ.

ಅದೇ 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಬಿಡಲು ಆರಂಭವಾಯಿತು. ಕೆಳಮಟ್ಟದ ಕಾಲುವೆ ಬಳ್ಳಾರಿ ಸೀಮೆ ದಾಟಿ ನಮ್ಮ ಕಡೆ ಬಂದ ಮೇಲೆ ಜೋಳ, ನವಣೆಯ ನೆಲದ ಕಳೆಗಳ ಜೊತೆ ಕೆಸರಿನ ಕಳೆಗಳೂ ಸೇರಿಕೊಂಡವು. ತೆಲುಗಿನವರ ಜಮ್ಮು, ನಮ್ಮ ಆಪು, ಈಗ ಕಾಲುವೆ ಪಕ್ಕದ ಪ್ರತಿ ತಗ್ಗಿನಲ್ಲೂ ಇದೆ.

ಇನ್ನು ಕಾಂಗ್ರೆಸ್ ಗಿಡ. ತೆಲುಗಿನಲ್ಲಿ ವಯ್ಯಾರಿಭಾಮ, ಬಳುಕುವ ಬೆಡಗಿ! ಎಳೆಯದರಲ್ಲಿ ಗಜ್ಜರಿ ಎಲೆಯಂತೆ ಸೀಳಿದ ಎಲೆಗಳು ನೆಲಕ್ಕೆ ವೃತ್ತವಾಗಿ ಹರಡಿರುತ್ತವೆ, ಆಮೇಲೆ ಎದೆಮಟ್ಟ ಎದ್ದು ಸಣ್ಣ ಬಿಳಿ ಹೂಗಳು. ಶಾಸ್ತ್ರೀಯ ಹೆಸರು ಪಾರ್ಥೇನಿಯಂ. ಇದು 1955ರಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು, 1956ರಲ್ಲಿ ವರದಿಯಾಯಿತು. ಅಮೆರಿಕದಿಂದ ಪಿ.ಎಲ್. 480 ಯೋಜನೆಯಡಿ ಬಂದ ಗೋಧಿಯ ಜೊತೆ ಇದರ ಬೀಜ ಬಂತು ಎಂಬುದು ಎಲ್ಲರೂ ಹೇಳುವ ಕಥೆ, ಅನೇಕ ಪುಸ್ತಕಗಳಲ್ಲೂ ಇದೆ. ಇತಿಹಾಸದ ಮೇಷ್ಟರಾಗಿ ನಾವು ಇಲ್ಲಿ ತಾರೀಖು ಜೋಡಿಸಿ ನೋಡಬೇಕಾಗುತ್ತದೆ. ಆ ಯೋಜನೆಯಡಿ ಭಾರತದ ಮೊದಲ ಒಪ್ಪಂದಕ್ಕೆ ಸಹಿ ಬಿದ್ದದ್ದು 1956ರ ಆಗಸ್ಟ್ 29ರಂದು. ಗಿಡ ಕಂಡದ್ದು ಅದಕ್ಕೂ ಮೊದಲು! ಹಾಗೆಂದು ಗೋಧಿಯನ್ನು ಪೂರ್ತಿ ಬಿಡುಗಡೆ ಮಾಡುವಂತಿಲ್ಲ. 1951ರಲ್ಲಿಯೇ ಅಮೆರಿಕ 20 ಲಕ್ಷ ಟನ್ ಧಾನ್ಯವನ್ನು ಸಾಲವಾಗಿ ಕೊಟ್ಟಿತ್ತು. ಬೀಜ ಧಾನ್ಯದ ಜೊತೆ ಬಂದಿರಬಹುದು, ಪಿ.ಎಲ್. 480 ಎಂಬ ಹಣೆಪಟ್ಟಿ ಮಾತ್ರ ಆಮೇಲೆ ಅಂಟಿದ್ದು ಎನ್ನುವುದು ನಮ್ಮ ಅಭಿಪ್ರಾಯ. ಹೆಸರಿನಲ್ಲಿ ಕಾಂಗ್ರೆಸ್ ಹೇಗೆ ಬಂತು ಎಂದರೆ ಗಾಂಧಿ ಟೋಪಿಯಂಥ ಬಿಳಿ ಹೂ ಎನ್ನುವವರು ಕೆಲವರು, ಆ ಪಕ್ಷದ ಆಡಳಿತದಲ್ಲಿ ಬಂತು ಎನ್ನುವವರು ಕೆಲವರು. ರಾಜಕೀಯ ನಮಗೆ ಬೇಡ. 1950ರ ದಶಕದ ನಂತರದ ಗಿಡ ಎಂಬುದಕ್ಕೆ ಆ ಹೆಸರೇ ಸಾಕ್ಷಿ ಎಂಬುದಷ್ಟು ಸಾಕು.

ಕರ್ನಾಟಕ ಸರ್ಕಾರ 1975ರಲ್ಲಿ ಇದನ್ನು ಹಾನಿಕರ ಕಳೆ ಎಂದು ಘೋಷಿಸಿತು. 1983ರಲ್ಲಿ ಮೆಕ್ಸಿಕೋದಿಂದ ಒಂದು ಜೀರುಂಡೆ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಬಿಳಿ ಮೈಮೇಲೆ ಕಂದು ಗೆರೆಗಳ ಆ ಪುಟ್ಟ ಹುಳ ಮಳೆಗಾಲದಲ್ಲಿ ಎಲೆಗಳನ್ನು ಜರಡಿ ಮಾಡುತ್ತದೆ. ಪಾಪಾಸುಕಳ್ಳಿಯ ಹುಳದಷ್ಟು ಪೂರ್ತಿ ಕೆಲಸ ಮಾತ್ರ ಇದರಿಂದ ಆಗಿಲ್ಲ. ಒಂದು ಗಿಡ ಹದಿನೈದು ಸಾವಿರಕ್ಕೂ ಹೆಚ್ಚು ಬೀಜ ಉದುರಿಸುತ್ತದೆ ಎಂದಮೇಲೆ ಹುಳ ತಾನೇ ಏನು ಮಾಡೀತು! ಶಾಲಾ ಆವರಣ ಶುಚಿ ಮಾಡುವಾಗ ಒಂದು ಎಚ್ಚರಿಕೆ: ಬರಿಗೈಯಲ್ಲಿ ಮಕ್ಕಳಿಂದ ಇದನ್ನು ಕೀಳಿಸಬೇಡಿ. ಚರ್ಮ ಕೆರೆದು ಹುಣ್ಣಾಗುತ್ತದೆ, ಕೆಲವರಿಗೆ ದಮ್ಮು ಬರುತ್ತದೆ. ಹೂ ಬಿಡುವ ಮೊದಲೇ, ನೆಲ ಹಸಿ ಇರುವಾಗ, ದೊಡ್ಡವರು ಕೈಗವಸು ಹಾಕಿಕೊಂಡು ಬೇರು ಸಮೇತ ತೆಗೆಯಬೇಕು.

ಕೊನೆಯದಾಗಿ, ಶಾಲೆಗೂ ಸಂಬಂಧಪಟ್ಟ ಒಂದು ಗಿಡ. ಗೋಡೆಯ ಬುಡದಲ್ಲಿ ನೆಲಕ್ಕೆ ಒರಗಿ, ಗೇಣುದ್ದದ ಒಂಟಿ ಕಡ್ಡಿಯ ತುದಿಗೆ ಹಳದಿ ನಡುವಿನ ಚಿಕ್ಕ ಹೂ ಎತ್ತಿ ನಿಲ್ಲುವುದು. ಎಲೆ ಒರಟು, ಅಂಚು ಗರಗಸ. ಒಣಗಿದ ಹೂ ಊದಿದರೆ ಹಾರುತ್ತದೆ. ಇದೂ ಅಮೆರಿಕಾ ಖಂಡದ್ದೇ, ಟ್ರೈಡ್ಯಾಕ್ಸ್. ಹೆಸರು ನೋಡಿ: ಕನ್ನಡದ ಕೆಲವು ಕಡೆ ಗಬ್ಬುಸಾವಂತಿ, ತೆಲುಗಿನಲ್ಲಿ ಗಡ್ಡಿ ಚಾಮಂತಿ. ಹಳೆಯ ಸೇವಂತಿಗೆಗೆ ತಗುಲಿಸಿದ ಹೊಸ ವಿಶೇಷಣ, ನಮ್ಮ ಅಂದಾಜಿಗೆ ಇನ್ನೊಂದು ಸಾಕ್ಷಿ. ಗಾಯಕ್ಕೆ ಇದರ ರಸ ಹಿಂಡುವುದು ಇವತ್ತಿಗೂ ಇದೆ. ಇದಕ್ಕೆ ತೆಲುಗಿನಲ್ಲಿ ಪಲಕಾಕು ಎಂಬ ಇನ್ನೊಂದು ಹೆಸರಿದೆ. ಪಲಕ ಎಂದರೆ ಸ್ಲೇಟು. ಈ ಎಲೆಯನ್ನು ಇದ್ದಿಲಿನೊಂದಿಗೆ ಅರೆದು ಸ್ಲೇಟಿಗೆ ತಿಕ್ಕಿ ಕಪ್ಪು ಮಾಡುತ್ತಿದ್ದರು. ಸ್ಲೇಟು ಹೋಗಿ ನೋಟ್‌ಬುಕ್ ಬಂತು, ಗಿಡ ಕಾಂಪೌಂಡಿನಲ್ಲೇ ಇದೆ. ಹೊಳಗುಂದ, ಹಾಲಹರವಿ, ಕೌತಾಳಂ ಕಡೆಯ ಕನ್ನಡ ಮನೆಗಳ ಅಜ್ಜಿಯರು ಇದಕ್ಕೆ ಏನೆಂದು ಕರೆಯುತ್ತಾರೆ? ಮಕ್ಕಳಿಂದ ಕೇಳಿಸಿ, ಊರಿನ ಹೆಸರಿನ ಜೊತೆ ನಮಗೆ ಬರೆದು ಕಳಿಸಿ.